ಸೀಟಿ ಹಿಡಿದ ಹಲ್ಲು

ಬಸ್ಸಿನ ಸೀಟಿ ಕೇಳಿದರೆ ಇವತ್ತಿಗೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ನಮ್ಮ ಮನೆ ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಗೆ ಹತ್ತಿರ. ಗೂಡ್ಸ್ ಗಾಡಿ ಹೋದರೆ ಅಡುಗೆಮನೆಯ ಡಬ್ಬಿಗಳು ಗಡಗಡ ಅನ್ನುತ್ತವೆ, ನಾನು ತಲೆ ಎತ್ತುವುದಿಲ್ಲ. ಆದರೆ ಮುಖ್ಯ ರಸ್ತೆಯಲ್ಲಿ ಯಾರೋ ಕಂಡಕ್ಟರ್ ಎರಡು ಸಲ ಸೀಟಿ ಊದಿದರೆ ಸಾಕು, ಚಹಾ ಅರ್ಧಕ್ಕೆ ಬಿಟ್ಟು ಎದ್ದು ನಿಲ್ಲುತ್ತೇನೆ. ಮೂವತ್ತು ಚಿಲ್ಲರೆ ವರ್ಷ ಹಲ್ಲಿನ ಡಾಕ್ಟರಾಗಿದ್ದವನಿಗೆ ಬಸ್ಸಿನ ಸೀಟಿಯ ಗೊಡವೆ ಏಕೆ ಎಂದು ಹೆಂಡತಿ ನಗುತ್ತಾಳೆ. ಕಾರಣ ಅವಳಿಗೂ ಗೊತ್ತು.

ಹೋದ ವರ್ಷ ನನ್ನ ಕ್ಲಿನಿಕ್ಕನ್ನು ಸುನಂದಾ ಎಂಬ ಚುರುಕಾದ ಡಾಕ್ಟರ ಕೈಗೆ ಕೊಟ್ಟೆ. ಬೀಗದ ಕೈ ತೆಗೆದುಕೊಳ್ಳುವಾಗ ಆಕೆ ಒಂದು ಪ್ರಶ್ನೆ ಕೇಳಿದಳು: "ಸರ್, ಒಂದ ಹಲ್ಲ ಹೋದವರಿಗೆ ಬ್ರಿಜ್ ಹೇಳಬೇಕೋ, ಇಂಪ್ಲಾಂಟ್ ಹೇಳಬೇಕೋ? ನಿಮ್ಮ ಅನುಭವದಾಗ ಯಾವುದು ಚಲೋ?" ಬರೆದು ಕೊಡುತ್ತೇನೆ ಎಂದೆ. ಆಕೆಗೂ, ಆಕೆಯ ಹಾಗೆ ಈಗಷ್ಟೇ ಈ ಕೆಲಸಕ್ಕೆ ಇಳಿಯುವವರಿಗೂ ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಅದು ನೆಟ್ಟಗೆ ಬರುತ್ತದೆ ಎಂಬ ಭರವಸೆ ನನಗಿಲ್ಲ.

ಹೊರಗಿನವರಿಗೆ ತಿಳಿಯಲೆಂದು ಎರಡು ಮಾತು. ಬ್ರಿಜ್ ಎಂದರೆ, ಖಾಲಿ ಜಾಗದ ಎಡಬಲದ ಹಲ್ಲುಗಳನ್ನು ಸುತ್ತಲೂ ಉಜ್ಜಿ ಸಣ್ಣದು ಮಾಡಿ, ಒಂದಕ್ಕೊಂದು ಕೂಡಿದ ಮೂರು ಹಲ್ಲಿನ ಕವಚವನ್ನು ಅವುಗಳ ಮೇಲೆ ಕೂರಿಸುವುದು. ನಡುವಿನದು ಮಾತ್ರ ಸುಳ್ಳು ಹಲ್ಲು. ಎರಡು ವಾರದಲ್ಲಿ ಕೆಲಸ ಮುಗಿಯುತ್ತದೆ. ಇಂಪ್ಲಾಂಟ್ ಎಂದರೆ, ದವಡೆಯ ಎಲುಬಿನಲ್ಲಿ ಟೈಟೇನಿಯಂ ತಿರುಪು ಕೂರಿಸಿ, ಎಲುಬು ಅದನ್ನು ಬಿಗಿಯಾಗಿ ಹಿಡಿದುಕೊಳ್ಳುವ ತನಕ ತಿಂಗಳುಗಟ್ಟಲೆ ಕಾದು, ಆಮೇಲೆ ಅದರ ಮೇಲೆ ಹಲ್ಲು ಕೂರಿಸುವುದು. ಪಕ್ಕದ ಹಲ್ಲುಗಳ ತಂಟೆಗೆ ಹೋಗಬೇಕಾಗಿಲ್ಲ, ಆದರೆ ಕಾಯಬೇಕು. ನನ್ನಂಥ ಚಡಪಡಿಕೆಯ ಮನುಷ್ಯನಿಗೆ ಕಾಯುವುದು ರೋಗಿಗಿಂತ ಹೆಚ್ಚಿನ ಶಿಕ್ಷೆ.

ನಾನು ಕೆಲಸ ಕಲಿತದ್ದು ಊರಿನ ಒಬ್ಬ ಹಿರಿಯರ ಹತ್ತಿರ. ಎಲ್ಲರೂ ಅವರನ್ನು ದೊಡ್ಡ ಡಾಕ್ಟರು ಎನ್ನುತ್ತಿದ್ದರು. ಕೈ ಬಂಗಾರದ್ದು, ಬಾಯಿ ಬೆಂಕಿಯದು. ಬೇಸಗೆಯಲ್ಲಿ ಹಲ್ಲಿನ ಅಳತೆ ತೆಗೆಯುವ ಪುಡಿಯನ್ನು ನೀರಲ್ಲಿ ಕಲಸಿ ರೋಗಿಯ ಬಾಯಿಗೆ ಒಯ್ಯುವಷ್ಟರಲ್ಲಿ ಅದು ಬಟ್ಟಲಲ್ಲೇ ಗಟ್ಟಿಯಾಗುತ್ತಿತ್ತು. ಮೂರು ಸಲ ಹಾಗೆ ಮಾಡಿದ ದಿನ ಅವರು ರೋಗಿಯ ಎದುರಿಗೇ, "ಲೇ, ಅದು ಬಾಯಾಗ ಗಟ್ಟಿ ಆಗಬೇಕು, ಬಟ್ಟಲದಾಗಲ್ಲ" ಎಂದು ನನ್ನ ಮರ್ಯಾದೆ ತೆಗೆದಿದ್ದರು. ಆಮೇಲೆ ಕ್ಲಿನಿಕ್ಕಿನ ಮೂಲೆಯಲ್ಲಿ ಮಣ್ಣಿನ ಗಡಿಗೆ ಇಟ್ಟು, ಅದರ ತಣ್ಣೀರಲ್ಲಿ ಕಲಸುವುದನ್ನು ಕಲಿತೆ. ಅಳತೆಯ ಡಬ್ಬಿ ಬಸ್ಸು ಹತ್ತಿ ಸೋಲಾಪುರದ ಲ್ಯಾಬಿಗೆ ಹೋಗುತ್ತಿತ್ತು, ಹಲ್ಲು ಅದೇ ಬಸ್ಸಿನಲ್ಲಿ ಬರುತ್ತಿತ್ತು. ಈಗ ಸುನಂದಾ ಪೆನ್ನಿನಂಥದ್ದೊಂದನ್ನು ಬಾಯಲ್ಲಿ ಆಡಿಸುತ್ತಾಳೆ, ಹಲ್ಲುಗಳು ಕಂಪ್ಯೂಟರಿನಲ್ಲಿ ಮೂಡುತ್ತವೆ. ಬಟ್ಟಲೂ ಇಲ್ಲ, ಗಡಿಗೆಯೂ ಇಲ್ಲ. ನನಗೆ ಹೊಟ್ಟೆಕಿಚ್ಚಾಗುತ್ತದೆ, ಸುಳ್ಳೇಕೆ ಹೇಳಲಿ.

ದೊಡ್ಡ ಡಾಕ್ಟರದು ಒಂದೇ ಮಂತ್ರ. ಹಳ್ಳಿಯ ಮಂದಿ ತಿಂಗಳುಗಟ್ಟಲೆ ಓಡಾಡುವುದಿಲ್ಲ, ಎರಡು ವಾರದಲ್ಲಿ ಬ್ರಿಜ್ ಕಟ್ಟಿ ಕಳಿಸು. ತೊರವಿಯಿಂದ ಕಾಶೀಬಾಯಿ ಎಂಬ ಹತ್ತೊಂಬತ್ತರ ಹುಡುಗಿ ಬಂದಳು. ಬೋರಿನ ಕೈಪಂಪಿನ ಹಿಡಿಕೆ ಕೈತಪ್ಪಿ ಮೇಲೆ ಚಿಮ್ಮಿ, ಮೇಲಿನ ಮುಂದಿನ ಹಲ್ಲೊಂದನ್ನು ಕಿತ್ತುಕೊಂಡು ಹೋಗಿತ್ತು. ಮದುವೆ ಗೊತ್ತಾಗಿತ್ತು, ಜೊತೆಗೆ ಬಂದ ಅಣ್ಣನಿಗೆ ಅವಸರ. ನಾನು ಯಂತ್ರ ಹಿಡಿದು ಪಕ್ಕದ ಹಲ್ಲನ್ನು ಉಜ್ಜಲು ಹೊರಟಾಗ ಆಕೆ ನನ್ನ ಕೈ ಹಿಡಿದಳು.

"ಇವು ಎರಡೂ ಚಲೋ ಅದಾವಲ್ರಿ. ಯಾಕ ತಿಕ್ಕಾಕತ್ತೀರಿ?"

ನಾನು ದೊಡ್ಡ ಡಾಕ್ಟರ ಕಡೆ ನೋಡಿದೆ. ಕಂಬವಿಲ್ಲದೆ ಚಪ್ಪರ ನಿಲ್ಲುವುದಿಲ್ಲ ಎಂದು ಅವರು ಹೇಳಿದರು, ಅಣ್ಣ ತಲೆಯಾಡಿಸಿದ, ಆಕೆ ಕೈ ಬಿಟ್ಟಳು. ಹುಳುಕಿಲ್ಲದ, ಹರಳಿನಂಥ ಎರಡು ಹಲ್ಲುಗಳನ್ನು ಅರ್ಧ ಗಂಟೆಯಲ್ಲಿ ಮೊಟಕು ಮಾಡಿದೆ. ಬ್ರಿಜ್ ಚೆಂದವಾಗಿ ಕೂತಿತು. ಮದುವೆಯ ಪೇಢೆಯೂ ಬಂತು. ಒಂಬತ್ತು ವರ್ಷದ ಮೇಲೆ ಅದೇ ಕಾಶೀಬಾಯಿ ನನ್ನ ಸ್ವಂತ ಕ್ಲಿನಿಕ್ಕಿಗೆ ಬಂದು ಬಾಯಿ ತೆರೆದಳು. ಕವಚದ ಅಡಿಯಲ್ಲಿ ಒಂದು ಹಲ್ಲು ಕೊಳೆತಿತ್ತು, ಇನ್ನೊಂದು ಬುಡಕ್ಕೆ ಮುರಿದಿತ್ತು. ಒಂದು ಹೋಗಿತ್ತು, ಈಗ ಮೂರು ಹೋದವಲ್ಲ ಎಂದಷ್ಟೇ ಹೇಳಿದಳು. ಬೈದಿದ್ದರೆ ಹಗುರಾಗುತ್ತಿತ್ತು. ಆಕೆ ಬೈಯಲಿಲ್ಲ.

ಅಲ್ಲಿಂದ ನನಗೆ ಬ್ರಿಜ್ ಅಂದರೆ ಆಗದಾಯಿತು. ಅಷ್ಟೊತ್ತಿಗೆ ಇಂಪ್ಲಾಂಟಿನ ಗಾಳಿ ನಮ್ಮ ಕಡೆಗೂ ಬೀಸಿತ್ತು. ನಾನು ತರಬೇತಿಗೆ ಹೋದೆ, ಬಂದೆ, ಹೊಸ ಅಗಸ ಎತ್ತಿ ಎತ್ತಿ ಒಗೆದಂತೆ ಕಂಡಕಂಡವರಿಗೆಲ್ಲ ಇಂಪ್ಲಾಂಟ್ ಹೇಳತೊಡಗಿದೆ. ಆಗಿನಿಂದ ನಿವೃತ್ತಿಯ ತನಕ ಬುಧವಾರ ಬಬಲೇಶ್ವರಕ್ಕೂ ಶನಿವಾರ ಟಿಕೋಟಾಕ್ಕೂ ಸ್ಕೂಟರಿನಲ್ಲಿ ಹೋಗಿ, ಬಾಡಿಗೆ ಕೋಣೆಯಲ್ಲಿ ಅರ್ಧ ದಿನ ಕೂರುತ್ತಿದ್ದೆ. ಬಬಲೇಶ್ವರದ ಹುಸೇನ್‌ಸಾಬ್ ಎಂಬ ಒಣದ್ರಾಕ್ಷಿ ವ್ಯಾಪಾರಿಗೆ ಒಂದು ದವಡೆಹಲ್ಲು ಇರಲಿಲ್ಲ. ಎಡಬಲದ ಹಲ್ಲುಗಳಿಗೆ ಆಗಲೇ ದೊಡ್ಡ ಸಿಮೆಂಟು ತುಂಬಿಸಿದ್ದರು, ಹೇಗಿದ್ದರೂ ಅವಕ್ಕೆ ಕವಚ ಬೇಕಿತ್ತು. ಕಣ್ಣಿದ್ದವನು ಬ್ರಿಜ್ ಎನ್ನಬೇಕು. ನಾನು ಇಂಪ್ಲಾಂಟ್ ಎಂದು ಒಂದು ಗಂಟೆ ಉಪದೇಶ ಮಾಡಿದೆ. ಅವರು ಪೂರ್ತಿ ಕೇಳಿ, ಹರಿದ ಎರಡು ಚೀಲಕ್ಕೆ ತೇಪೆ ಹಾಕುವುದಿದ್ದೇ ಇದೆ, ನಡುವಿನದನ್ನೂ ಅದರಲ್ಲೇ ಹೊಲಿದುಬಿಡ್ರಿ ಎಂದು ನಕ್ಕರು. ಆ ಬ್ರಿಜ್ ಇನ್ನೂ ಗಟ್ಟಿಯಾಗಿದೆ. ಕಂಡಾಗಲೆಲ್ಲ ಅವರು ಒಣಗಿದ ಗರಿಗರಿ ಕಟಕರೊಟ್ಟಿ ಮುರಿದು ತಿಂದು ತೋರಿಸುತ್ತಾರೆ, ನನ್ನನ್ನು ಕೆಣಕುವುದಕ್ಕೆ.

ಅದೇ ಬಬಲೇಶ್ವರದಲ್ಲಿ ಶಿವಲಿಂಗವ್ವ ಎಂಬ ಹಿರಿಯಳಿಗೆ ಹಾಕಿದ ಇಂಪ್ಲಾಂಟ್ ಎರಡು ತಿಂಗಳಲ್ಲಿ ಸಡಿಲವಾಯಿತು. ತಂಬಾಕು ತಿನ್ನುವವರಲ್ಲಿ ವಸಡು ಬೇಗ ಮಾಯುವುದಿಲ್ಲ. ಅದಕ್ಕೇ ಮೊದಲೇ ಕೇಳಿದ್ದೆ, ತಂಬಾಕು ಮುಟ್ಟುವುದಿಲ್ಲ ಎಂದು ಆಕೆ ಆಣೆ ಮಾಡಿದ್ದಳು. ತಿರುಪು ಹೊರತೆಗೆಯುವ ದಿನ ಸೊಸೆ ಸೆರಗು ಬಾಯಿಗೆ ಹಿಡಿದು ನಕ್ಕಳು. ಅತ್ತೆ ದಿನಕ್ಕೆ ಮೂರು ಹೊತ್ತು ಮಿಶ್ರಿ ತಿಕ್ಕುತ್ತಾಳಂತೆ. ಮಿಶ್ರಿ ಎಂದರೆ ಹುರಿದು ಪುಡಿಮಾಡಿದ ತಂಬಾಕೇ. ಆದರೆ ಶಿವಲಿಂಗವ್ವನ ಲೆಕ್ಕದಲ್ಲಿ ಅದು ಹಲ್ಲು ತೊಳೆಯುವ ಸಾಮಾನು, ಚಟವಲ್ಲ. ಆಕೆ ಸುಳ್ಳು ಹೇಳಿರಲಿಲ್ಲ. ಇಲ್ಲಿ ಹುಟ್ಟಿ ಬೆಳೆದ ನಾನು, ನಮ್ಮವ್ವ ಮಿಶ್ರಿ ತಿಕ್ಕುವುದನ್ನು ನೋಡುತ್ತಲೇ ದೊಡ್ಡವನಾದ ನಾನು, ಪುಸ್ತಕದಲ್ಲಿದ್ದ ಪ್ರಶ್ನೆಯನ್ನು ಕೇಳಿ ಸುಮ್ಮನಾಗಿದ್ದೆ. ಅವತ್ತಿನಿಂದ ನನ್ನ ಪ್ರಶ್ನೆಗಳ ಪಟ್ಟಿಯಲ್ಲಿ ಮಿಶ್ರಿ ಸೇರಿತು. ಸಕ್ಕರೆ ಕಾಯಿಲೆ, ಮಿಶ್ರಿ, ಗುಟ್ಕಾ, ನಿದ್ದೆಯಲ್ಲಿ ಹಲ್ಲು ಕಡಿಯುವುದು, ಕಬ್ಬು ಸಿಗಿಯುವುದು, ಎಲ್ಲವನ್ನೂ ಕೇಳುತ್ತಿದ್ದೆ. ಇನ್ನು ನನ್ನನ್ನು ಯಾರೂ ಯಾಮಾರಿಸಲಾರರು ಎಂಬ ಸೊಕ್ಕು ಬಂದಿತ್ತು.

ಆ ಸೊಕ್ಕು ಇಳಿಸಿದವಳು ರೇಣುಕಾ.

ಆಕೆ ವಿಜಯಪುರದಿಂದ ಟಿಕೋಟಾ ಮೇಲೆ ಕನಮಡಿಗೆ ಹೋಗುವ ಬಸ್ಸಿನ ಕಂಡಕ್ಟರ್. ಮೂವತ್ತೈದರ ಆಸುಪಾಸು, ಖಾಕಿ ಅಂಗಿಯ ಮೇಲೆ ಜಡೆ, ಯಾರಿಗೂ ಹೆದರದ ಧ್ವನಿ. ಎಮ್ಮೆ ಅಡ್ಡ ಬಂದು ಡ್ರೈವರ್ ಬ್ರೇಕ್ ಒತ್ತಿದಾಗ ಮುಖ ಕಂಬಿಗೆ ಬಡಿದು ಮೇಲಿನ ಮುಂದಿನ ಹಲ್ಲು ಬೇರಿನ ತನಕ ಸೀಳಿತ್ತು. ತೆಗೆಯದೆ ಗತಿ ಇರಲಿಲ್ಲ. ಕಾಶೀಬಾಯಿ ಕಳೆದುಕೊಂಡಿದ್ದ ಹಲ್ಲೇ ಅದು, ಪಕ್ಕದ ಎರಡೂ ಹಾಗೆಯೇ ಹರಳಿನಂಥವು.

ಆಕೆ ಸ್ಪಷ್ಟವಾಗಿದ್ದಳು. ಹಲ್ಲಿಲ್ಲದೆ ಊರ ಹೆಸರು ಕೂಗಿದರೆ ಗಾಳಿ ಹೋಗುತ್ತದೆ, ಸಾಲಿ ಹುಡುಗರು ಅಣಕಿಸುತ್ತಾರೆ, ಹೆಣ್ಣುಮಕ್ಕಳಿಗೆ ಟಿಕೆಟ್ ಪುಕ್ಕಟೆಯಾದ ಮೇಲೆ ತುಂಬಿ ತುಳುಕುವ ಬಸ್ಸಿನಲ್ಲಿ ಕಂಡಕ್ಟರ್ ನಗೆಪಾಟಲಾದರೆ ಮಾತು ಕೇಳುವವರು ಯಾರು? ಹಲ್ಲು ಬೇಕು, ಬೇಗ ಬೇಕು. ಆದರೆ ಪಕ್ಕದ ಹಲ್ಲು ಮುಟ್ಟುವ ಹಾಗಿಲ್ಲ. ಬ್ರಿಜ್ ಕಟ್ಟಿಸಿಕೊಂಡ ಅವಳ ಚಿಕ್ಕಮ್ಮನ ಬಾಯಿಯ ಗತಿ ಆಕೆ ನೋಡಿದ್ದಳು.

ಹಾಕಿ ತೆಗೆಯುವ ಹಲ್ಲಿನ ತಟ್ಟೆ ಮಾಡಿಕೊಟ್ಟು ಆರು ತಿಂಗಳು ಕಾಯಿಸುವುದು ಸರಿಯಾದ ದಾರಿಯಾಗಿತ್ತು. ಕೂಗುವಾಗ ತಟ್ಟೆ ಹಾರುತ್ತದೆ ಎಂದು ಆಕೆ ಒಪ್ಪಲಿಲ್ಲ, ನನಗೂ ತಾಳ್ಮೆ ಇರಲಿಲ್ಲ. ತಿರುಪು ಕೂರಿಸಿದ ದಿನವೇ ಅದರ ಮೇಲೆ ತಾತ್ಕಾಲಿಕ ಹಲ್ಲು ಕೂರಿಸಿಬಿಟ್ಟೆ. ಕೆಳಗಿನ ಹಲ್ಲಿಗೆ ತಾಗದಂತೆ ತುಸು ಗಿಡ್ಡ ಮಾಡಿದ್ದೆ. ಇದು ಎಲ್ಲ ಕಡೆ ಮಾಡುವುದೇ, ಆದರೆ ಅದರ ಮೇಲೆ ಭಾರ ಬೀಳಬಾರದು. ಮುಂದಿನ ಹಲ್ಲಲ್ಲಿ ರೊಟ್ಟಿ ಕಚ್ಚಬೇಡ, ಕಬ್ಬು ಬೇಡ, ಪೇರಲಹಣ್ಣು ಬೇಡ, ಎಳೆಜೋಳ ಸುಟ್ಟ ಸೀತನಿ ಬೇಡ ಎಂದು ಬೆರಳೆಣಿಸಿ ಹೇಳಿದೆ. ಹೂಂ ಎಂದು ಹೋದಳು.

ಐದನೇ ವಾರ ಬಂದಾಗ ಬೆರಳಿಟ್ಟು ನೋಡಿದೆ. ಅಲುಗಿತು.

ನನಗೆ ಸಿಟ್ಟು ಬಂತು. ಏನು ಕಚ್ಚಿದೆ ಎಂದು ಕೇಳಿದೆ. ಏನೂ ಇಲ್ಲ ಎಂದಳು. ಮಿಶ್ರಿ? ಇಲ್ಲ. ಕಬ್ಬು? ಇಲ್ಲ. ರಕ್ತ ಪರೀಕ್ಷೆಗೆ ಕಳಿಸಿದೆ, ಸಕ್ಕರೆ ಇರಲಿಲ್ಲ. ಲ್ಯಾಬಿನವರು ತಪ್ಪಿರಬೇಕು ಎಂದು ಇನ್ನೊಂದು ಸಲ ಕಳಿಸಿದೆ. ಆಗಲೂ ಇರಲಿಲ್ಲ. ಕೊನೆಗೆ, ಮೂವತ್ತು ವರ್ಷ ಬಾಯಿ ನೋಡಿದವನಿಗೆ ಸುಳ್ಳು ಹೇಳಿ ಪ್ರಯೋಜನವಿಲ್ಲ ಎಂದುಬಿಟ್ಟೆ. ಆಕೆ ಕುರ್ಚಿಯಿಂದ ಇಳಿದು, ಬಾಯಿ ಒರೆಸಿಕೊಂಡು, ನಿಧಾನವಾಗಿ ಹೇಳಿದಳು.

"ಡಾಕ್ಟರ್ರೀ, ನಾ ದಿನಾ ನೂರು ಮಂದಿ ಸುಳ್ಳ ಕೇಳಾಕಿ. ನನಗ ಸುಳ್ಳ ಹೇಳೂ ಚಟಾ ಇಲ್ಲ."

ಹಲ್ಲನ್ನು ಉಜ್ಜಿ ಇನ್ನಷ್ಟು ಗಿಡ್ಡ ಮಾಡಿ, ಎರಡು ವಾರ ಬಿಟ್ಟು ಬಾ ಎಂದು ಕಳಿಸಿದೆ. ಆ ಎರಡು ವಾರ ನನಗೆ ಅನ್ನ ರುಚಿಸಲಿಲ್ಲ. ಎಕ್ಸರೇ ಹಿಡಿದು ಕಿಟಕಿಯ ಬೆಳಕಿಗೆ ನಿಲ್ಲುತ್ತಿದ್ದೆ, ಎಲುಬು ಚೆನ್ನಾಗಿತ್ತು, ತಿರುಪು ನೆಟ್ಟಗಿತ್ತು. ಮತ್ತೇನು?

ಆ ನಡುವೆ ಒಂದು ಶನಿವಾರ ಸ್ಕೂಟರ್ ಕೆಟ್ಟಿತು. ಟಿಕೋಟಾಕ್ಕೆ ಹೋಗಲು ಬಸ್‌ಸ್ಟ್ಯಾಂಡಿಗೆ ಹೋಗಿ ಕನಮಡಿ ಬಸ್ಸು ಹತ್ತಿದೆ. ಡ್ರೈವರನ ಹಿಂದೆ ಅವಸರವೇ ಅಪಘಾತಕ್ಕೆ ಕಾರಣ ಎಂದು ಬರೆದಿತ್ತು, ಅದನ್ನೇ ಓದುತ್ತ ಕೂತಿದ್ದೆ. ಹಿಂದಿನ ಬಾಗಿಲಿಂದ ರೇಣುಕಾ ಹತ್ತಿದಳು. ನನ್ನನ್ನು ಅವಳು ನೋಡಲಿಲ್ಲ. ಎಡಗೈಯಲ್ಲಿ ಟಿಕೆಟಿನ ಯಂತ್ರ, ಬಲಗೈಯಲ್ಲಿ ಚಿಲ್ಲರೆ, ಬಗಲಲ್ಲಿ ಚೀಲ. ಕೈ ಖಾಲಿ ಇಲ್ಲ. ಸೀಟಿ ಎಲ್ಲಿತ್ತು? ಮುಂದಿನ ಹಲ್ಲುಗಳ ನಡುವೆ ಕಚ್ಚಿ ಹಿಡಿದಿದ್ದಳು. ತೊರವಿ ದಾಟುವಷ್ಟರಲ್ಲಿ ಬಸ್ಸು ಆರು ಸಲ ನಿಂತಿತು, ಒಂದು ಸಲವೂ ಸೀಟಿ ಬಾಯಿಂದ ಇಳಿಯಲಿಲ್ಲ. ಗುಂಡಿಗೆ ಬಸ್ಸು ಎತ್ತಿ ಹಾಕಿದಾಗೆಲ್ಲ ಆ ಉಕ್ಕಿನ ಸೀಟಿ ನನ್ನ ತಾತ್ಕಾಲಿಕ ಹಲ್ಲಿಗೆ ಕುಟ್ಟುತ್ತಿತ್ತು. ದಿನಕ್ಕೆ ಎಂಟು ತಾಸು, ಐದು ವಾರ.

ನಾನು ಎದ್ದು ನಿಂತು, "ಬಾಯಾಗಿಂದು ತೆಗಿ" ಎಂದು ಕೂಗಿದೆನಂತೆ. ನನಗೆ ನೆನಪಿಲ್ಲ. ಬಸ್ಸೆಲ್ಲ ತಿರುಗಿ ನೋಡಿದ್ದು ನೆನಪಿದೆ. ಪಕ್ಕದ ಅಜ್ಜಿ ಬಾಯಲ್ಲಿದ್ದ ಎಲೆಅಡಿಕೆಯನ್ನು ಹೆದರಿ ಕಿಟಕಿಯಿಂದ ಉಗುಳಿದ್ದೂ ನೆನಪಿದೆ.

ರೇಣುಕಾ ಸೀಟಿ ಕೈಗೆ ತೆಗೆದುಕೊಂಡು ಅದನ್ನೇ ನೋಡಿದಳು. ಆಮೇಲೆ ಬಂದು, ತಿನ್ನುವುದನ್ನಷ್ಟೇ ಕೇಳಿದಿರಿ, ಇದನ್ನು ಯಾವಾಗ ಕೇಳಿದಿರಿ ಎಂದಳು. ಹದಿನಾಲ್ಕು ವರ್ಷದಿಂದ ಹೀಗೇ ಹಿಡಿದವಳಿಗೆ ಸೀಟಿ ಬಾಯಲ್ಲಿದೆ ಎಂಬುದೇ ಮರೆತುಹೋಗಿತ್ತು, ನಾವು ಕನ್ನಡಕ ಮರೆಯುವ ಹಾಗೆ. ಆಕೆ ಕಂಡಕ್ಟರ್ ಎಂದು ಅವಳ ಕಾರ್ಡಿನ ಮೇಲೆ ನನ್ನ ಕೈಯಲ್ಲೇ ಬರೆದಿದ್ದೆ. ಬರೆದು, ಓದದೆ ಮುಚ್ಚಿಟ್ಟಿದ್ದೆ. ಅವತ್ತು ನನ್ನ ಮೇಲೆ ನನಗೆ ಬಂದ ಹೇಸಿಗೆ ಕಾಶೀಬಾಯಿಯ ದಿನವೂ ಬಂದಿರಲಿಲ್ಲ.

ಆ ಇಂಪ್ಲಾಂಟ್ ಉಳಿಯಲಿಲ್ಲ. ತಿರುಪು ತೆಗೆದುಹಾಕಿದೆ. ಎಲುಬು ಮಾಯಲು ತಿಂಗಳುಗಳು ಬೇಕಿದ್ದವು. ಆಗ ನಾನು ಏನು ಮಾಡಿದೆ ಗೊತ್ತೇ? ಬ್ರಿಜ್ ಕಟ್ಟಿಬಿಡೋಣ ಎಂದೆ! ಎರಡು ವಾರದಲ್ಲಿ ಮುಗಿಯುತ್ತದೆ, ನನ್ನ ತಪ್ಪಿಗೆ ನಾನೇ ಮಾಡಿಕೊಡುತ್ತೇನೆ ಎಂದೆ. ಒಳಗಿನ ಕಸಿವಿಸಿ ಮುಗಿದರೆ ಸಾಕು ಎನ್ನುವುದು ನನ್ನ ಆಸೆ, ಅವಳ ಹಲ್ಲಿನ ಹಿತವಲ್ಲ. ಅದನ್ನು ಅವಳೇ ಕಂಡುಹಿಡಿದಳು.

"ಅವಸರ ಈಗ ನಿಮಗೈತ್ರಿ, ನನಗಿಲ್ಲ. ಚಲೋ ಹಲ್ಲ ಮುಟ್ಟಬ್ಯಾಡ್ರಿ. ನಾ ಕಾಯ್ತೀನಿ."

ಕಾದಳು. ಕೂಗಿದರೆ ಹಾರುವ ತಟ್ಟೆ ಬೇಡವೆಂದು, ಹಲ್ಲಿಲ್ಲದ ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಡ್ಯೂಟಿ ಮಾಡಿದಳು. ಏನವ್ವಾ, ಕೊರೊನಾ ನಿನ್ನ ಬಸ್ಸಿನಾಗ ಇನ್ನೂ ಇಳಿದಿಲ್ಲೇನು ಎಂದು ಮಂದಿ ತಮಾಷೆ ಮಾಡುತ್ತಿದ್ದರಂತೆ. ಮಾಸ್ಕಿನೊಳಗಿಂದ ಸೀಟಿ ಊದಲಾಗದು, ಬಸ್ಸಿನ ಮೈಯನ್ನು ಕೈಯಿಂದ ಬಡಿದು ಡ್ರೈವರನಿಗೆ ಹೇಳುವುದನ್ನು ರೂಢಿಸಿಕೊಂಡಳು. ಎಲುಬು ಮಾಯಿತು, ಎರಡನೇ ತಿರುಪು ಹಾಕಿದೆ. ಈ ಸಲ ಮೇಲೆ ಹಲ್ಲು ಕೂರಿಸಲಿಲ್ಲ. ಮತ್ತೆ ಐದು ತಿಂಗಳು. ನಾನು ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಿದ್ದೆ, ಆಕೆ ತಣ್ಣಗಿದ್ದಳು. ನಿವೃತ್ತಿಗೆ ಒಂದು ವಾರ ಮೊದಲು ನಾನು ಕೂರಿಸಿದ ಕೊನೆಯ ಹಲ್ಲು ಅವಳದು. ಬೆರಳಿಟ್ಟು ನೋಡಿದೆ, ಬಂಡೆಯ ಹಾಗಿತ್ತು. ಇನ್ನು ಸೀಟಿಯನ್ನು ತುಟಿಯಲ್ಲಿ ಹಿಡಿ, ಹಲ್ಲಿಗೆ ತಾಗಿಸಬೇಡ ಎಂದೆ. ಹೂಂ ಎಂದಳು. ಮೊದಲ ಸಲವೂ ಹೂಂ ಎಂದಿದ್ದಳಲ್ಲ ಎಂದು ಅವತ್ತೇ ಮನಸ್ಸಿಗೆ ಬಂತು.

ಸುನಂದಾ, ಬ್ರಿಜ್ಜೋ ಇಂಪ್ಲಾಂಟೋ ಎಂದು ಕೇಳಿದೆಯಲ್ಲ. ಪಕ್ಕದ ಹಲ್ಲು ಹೇಗಿವೆ ನೋಡು, ಎಲುಬು ನೋಡು, ಮಿಶ್ರಿ ಕೇಳು. ಆಮೇಲೆ ಆ ಬಾಯಿ ಬೆಳಗಿನಿಂದ ಸಂಜೆ ತನಕ ಏನು ಕೆಲಸ ಮಾಡುತ್ತದೆ ಎಂದು ಕೇಳು. ಹೇಳಿದ್ದನ್ನು ನಂಬು. ಇಷ್ಟು ಬರೆದು ಪೆನ್ನು ಮುಚ್ಚಬೇಕೆಂದಿದ್ದೆ. ಆದರೆ ಹೋದ ತಿಂಗಳು ನಡೆದದ್ದನ್ನು ಬರೆಯದಿದ್ದರೆ ಉಪದೇಶ ಮಾಡಿದ ಪಾಪ ಸುತ್ತಿಕೊಳ್ಳುತ್ತದೆ.

ಟಿಕೋಟಾದಲ್ಲಿ ಒಬ್ಬ ಗೆಳೆಯನನ್ನು ನೋಡಲು ಕನಮಡಿ ಬಸ್ಸು ಹತ್ತಿದೆ. ರೇಣುಕಾಳದೇ ಪಾಳಿ. ನನ್ನನ್ನು ಕಂಡು ನಕ್ಕಳು, ಹಲ್ಲು ಫಳ್ ಎಂದಿತು. ದಾರಿಯುದ್ದಕ್ಕೂ ಸೀಟಿ ಕೊರಳಲ್ಲೇ ತೂಗುತ್ತಿತ್ತು, ಆಕೆ ಬಸ್ಸಿನ ಮೈ ಬಡಿದೇ ಕೆಲಸ ನಡೆಸಿದಳು. ಟಿಕೋಟಾದಲ್ಲಿ ಇಳಿದು ಸಮಾಧಾನದಿಂದ ನಾಲ್ಕು ಹೆಜ್ಜೆ ಹಾಕಿದ್ದೆ. ಹಿಂದಿನಿಂದ ಎರಡು ಸಲ ಸೀಟಿ ಕೇಳಿತು. ತಿರುಗುವಷ್ಟರಲ್ಲಿ ಬಸ್ಸು ಹೊರಟಿತ್ತು. ತುಟಿಯಲ್ಲಿತ್ತೋ, ಹಲ್ಲಿನಲ್ಲಿತ್ತೋ, ಧೂಳಿನಲ್ಲಿ ಕಾಣಲಿಲ್ಲ.

ಗೆಳೆಯ ಏನು ಮಾತಾಡಿದ ಎಂಬುದು ನನ್ನ ತಲೆಗೆ ಹೋಗಲಿಲ್ಲ. ನಾನಿದ್ದೇನೆಂದು ಸೀಟಿ ಇಳಿಸಿ, ನಾನು ಇಳಿದ ಕೂಡಲೇ ಕಚ್ಚಿಕೊಂಡಳೇ? ಮರುದಿನ ಬೆಳಿಗ್ಗೆ, ಯಾವ ಕೆಲಸವೂ ಇಲ್ಲದೆ, ತಲೆಗೂ ಮುಖಕ್ಕೂ ಟವೆಲ್ ಸುತ್ತಿಕೊಂಡು ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಹೋಗಿ ಕೂತೆ. ಮಂದಿಯ ಸಂದಿಯಲ್ಲಿ ಕತ್ತು ಉದ್ದ ಮಾಡಿ ನೋಡಿದೆ. ಸೀಟಿ ಬಾಯಲ್ಲಿತ್ತು. ಎಲ್ಲಿ ಹಿಡಿದಿದ್ದಾಳೆ ಎಂದು ಮಾತ್ರ ತಿಳಿಯುತ್ತಿರಲಿಲ್ಲ.

ಟಿಕೆಟ್ ಕೊಡುತ್ತ ಕೊಡುತ್ತ ಆಕೆ ಹಿಂದಿನ ಸೀಟಿಗೆ ಬಂದಳು. ನನ್ನ ಎದುರು ನಿಂತು, ಮುಖವನ್ನು ತುಸು ಬಗ್ಗಿಸಿ ತೋರಿಸಿದಳು. ಸೀಟಿ ಎರಡು ತುಟಿಗಳ ಮಧ್ಯದಲ್ಲಿತ್ತು, ಬಾಯಿಯ ಎಡ ಮೂಲೆಗೆ ಸರಿದು. ಹಲ್ಲು ಅದರಿಂದ ದೂರ, ತನ್ನ ಜಾಗದಲ್ಲಿ ತಾನಿತ್ತು. ಹಿಂದಿನ ದಿನ ನಾನು ಕಣ್ಣೆದುರು ಚಡಪಡಿಸುವುದು ಬೇಡವೆಂದು ಅದನ್ನು ಮುಟ್ಟದೇ ಇದ್ದಳೆಂದು ನಂತರ ತಿಳಿಯಿತು. ಆಮೇಲೆ ಸೀಟಿಯನ್ನು ಕೈಗೆ ತೆಗೆದುಕೊಂಡಳು.

"ಟವಲ್ ತೆಗೀರಿ ಡಾಕ್ಟರ್ರೀ, ಸೆಕಿ ಆಗತೈತಿ. ಆವತ್ತೂ ನಂಬಲಿಲ್ಲ, ಇವತ್ತೂ ನಂಬಲಿಲ್ಲ. ಹೇಳ್ರಿ, ಎಲ್ಲಿಗೆ?"

ಎಲ್ಲಿಗೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಕನಮಡಿ ಎಂದೆ. ಅದು ಆ ಬಸ್ಸಿನ ಕೊನೆಯ ಸ್ಟಾಪು.